ಡಾಕ್ಟರೇ ಪೇಷೆಂಟ್ ಆದಾಗ: ದೊಡ್ಡ ಅಪಘಾತದ ನಂತರ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅನಸ್ತೀಸಿಯಾ ಡಾಕ್ಟರ್. ಆಪರೇಷನ್ ಥಿಯೇಟರ್ ಮತ್ತು ಐಸಿಯುನಲ್ಲೇ ನನ್ನ ಕೆಲಸ. ರಸ್ತೆ ಅಪಘಾತದಲ್ಲಿ ಸೊಂಟದ ಮೂಳೆ, ಬಲ ತೊಡೆಯ ಮೂಳೆ, ಕೆಲವು ಪಕ್ಕೆಲುಬು ಮುರಿದವು. ಐಸಿಯು, ವಾರ್ಡ್, ಮನೆಯ ಹಾಸಿಗೆ, ವಾಕರ್, ಊರುಗೋಲು ಎಲ್ಲ ದಾಟಿ ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ರೋಗಿಗಳು, ಅವರ ಮನೆಯವರು, ಜೊತೆಯ ಡಾಕ್ಟರುಗಳು, ಇನ್ನೂ ಓದುತ್ತಿರುವ ಹುಡುಗ ಹುಡುಗಿಯರು ಎಲ್ಲರೂ ಹೆಚ್ಚು ಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಪೆಟ್ಟು ಬಿದ್ದಾಗ ಡಾಕ್ಟರ್ ಬುದ್ಧಿ ಕೆಲಸ ಮಾಡಿತಾ?

ಸ್ವಲ್ಪ ಹೊತ್ತು ಮಾಡಿತು. ಬಿದ್ದಲ್ಲೇ ಕಾಲ್ಬೆರಳು ಆಡಿಸಿ ನೋಡಿದೆ. ಆಡಿದವು. ಬೆನ್ನುಹುರಿ ಉಳಿದಿದೆ ಅನ್ನಿಸಿತು. ತೊಡೆ ಮೂಳೆ ಮುರಿದರೆ, ಹೊರಗೆ ಗಾಯ ಕಾಣದಿದ್ದರೂ ಒಳಗೊಳಗೇ 1ರಿಂದ 1.5 ಲೀಟರ್ ರಕ್ತ ಹೋಗಬಹುದು. ಸೊಂಟದ ಮೂಳೆಯಾದರೆ ಇನ್ನೂ ಜಾಸ್ತಿ. ಇದು ಗೊತ್ತಿದ್ದರಿಂದ ಸುತ್ತ ಸೇರಿದವರಿಗೆ, ನನ್ನನ್ನು ಎತ್ತಿ ಕೂರಿಸಬೇಡಿ, ಆಂಬುಲೆನ್ಸ್ ಕರೆಸಿ ಅಂದೆ. ಆಂಬುಲೆನ್ಸ್‌ನವರು ಬಂದು ಸೊಂಟಕ್ಕೆ ಬೆಲ್ಟ್ ಬಿಗಿದರು. ಆ ಬೆಲ್ಟ್ ಹೊಟ್ಟೆಯ ಸುತ್ತ ಕೂರಬಾರದು. ತೊಡೆಯ ಮೇಲ್ತುದಿಯಲ್ಲಿ, ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನ ಮಟ್ಟಕ್ಕೆ ಕೂರಬೇಕು. ಸರಿಯಾದ ಜಾಗಕ್ಕೇ ಕಟ್ಟುತ್ತಿದ್ದಾರೆ ಅಂತ ಗಮನಿಸಿದ್ದು ನೆನಪಿದೆ. ಸ್ಟ್ರೆಚರ್‌ಗೆ ಎತ್ತಿದಾಗ ನೋವು ಹೊಡೆಯಿತು ನೋಡಿ, ಆಮೇಲೆ ಯಾವ ಬುದ್ಧಿಯೂ ಇರಲಿಲ್ಲ.

ವಿಷಯ ಗೊತ್ತಿದ್ದರೆ ಧೈರ್ಯ ಬರುತ್ತಾ, ಭಯ ಜಾಸ್ತಿ ಆಗುತ್ತಾ?

ಹಗಲು ಧೈರ್ಯ, ರಾತ್ರಿ ಭಯ.

ದೊಡ್ಡ ಮೂಳೆ ಮುರಿದಾಗ ಅದರ ಮಜ್ಜೆಯಲ್ಲಿರುವ ಕೊಬ್ಬಿನ ಹನಿಗಳು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೂ ಮೆದುಳಿಗೂ ತೊಂದರೆ ಕೊಡುವುದುಂಟು. ಹಾಗೆ ಆಗುವುದಿದ್ದರೆ ಸಾಮಾನ್ಯವಾಗಿ ಪೆಟ್ಟಾದ 24ರಿಂದ 72 ಗಂಟೆಯೊಳಗೆ ಆಗುತ್ತದೆ. ಪಕ್ಕದ ಬೆಡ್‌ನವರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ನಿದ್ದೆ ಮಾಡಿದರು. ನನಗೆ ಗೊತ್ತಿತ್ತು.

ಇನ್ನೊಂದು ವಿಷಯ. ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡುವ ಯಂತ್ರ ಇದೆಯಲ್ಲ, ಅದರ ಬೀಪ್ ಸದ್ದು ಆಕ್ಸಿಜನ್ ಇಳಿದ ಹಾಗೆ ತಗ್ಗುತ್ತಾ ಹೋಗುತ್ತದೆ. ನಮ್ಮ ಕೆಲಸದವರ ಕಿವಿ ಅದಕ್ಕೆ ಎಷ್ಟು ಪಳಗಿರುತ್ತೆ ಅಂದರೆ, ಬೇರೆಯವರ ಜೊತೆ ಮಾತಾಡುತ್ತಿದ್ದರೂ ಸದ್ದು ಒಂದೆಳೆ ತಗ್ಗಿದರೆ ತಲೆ ತಾನಾಗಿ ತಿರುಗುತ್ತದೆ. ಐಸಿಯುನಲ್ಲಿ ಕಣ್ಣು ಮುಚ್ಚಿ ಮಲಗಿದಾಗ ನನ್ನದೇ ಬೀಪ್ ಕೇಳುತ್ತಿತ್ತು. ಸದ್ದು ಸ್ವಲ್ಪ ತಗ್ಗಿದರೂ ಎದೆ ಧಸಕ್ ಅನ್ನುತ್ತಿತ್ತು. ಬಹಳ ಸಲ ಕ್ಲಿಪ್ ಜಾರಿರುತ್ತಿತ್ತು, ಅಷ್ಟೇ. ಕೊನೆಗೆ ಒಬ್ಬ ಸಿಸ್ಟರ್ ಇದನ್ನು ಗಮನಿಸಿ, ನನ್ನ ಬೆಡ್ ಹತ್ತಿರದ ಸದ್ದನ್ನು ತಗ್ಗಿಸಿ, ಅಲಾರಂ ತಮ್ಮ ಟೇಬಲ್ಲಿನಲ್ಲಿ ಕೇಳುವ ಹಾಗೆ ಮಾಡಿಕೊಂಡರು. "ಇನ್ಮೇಲೆ ಇದನ್ನ ಕೇಳೋ ಕೆಲಸ ನನ್ನದು, ನೀವು ಮಲಗಿ" ಅಂದರು. ಆ ರಾತ್ರಿ ನಿದ್ದೆ ಬಂತು.

ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಕಷ್ಟ ಅನ್ನಿಸಿದ್ದು ಯಾವುದು?

"ನಿಮಗೆ ಗೊತ್ತೇ ಇದೆಯಲ್ವಾ ಡಾಕ್ಟ್ರೇ" ಅನ್ನುವ ಮಾತು.

ಯಾರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಗೌರವದಿಂದಲೇ ಹೇಳಿದರು. ಆದರೆ ಆ ಮಾತು ಬಂದ ಕಡೆಯೆಲ್ಲ ವಿವರಣೆ ನಿಂತುಹೋಗುತ್ತಿತ್ತು. ಆಪರೇಷನ್ ಒಪ್ಪಿಗೆ ಪತ್ರ ಸಹಿ ಹಾಕುವ ಪುಟಕ್ಕೇ ತೆರೆದು ಕೈಗೆ ಬರುತ್ತಿತ್ತು. ಪಕ್ಕದ ಬೆಡ್‌ನವರಿಗೆ ಹತ್ತು ನಿಮಿಷ ಕೂತು ಹೇಳಿದವರೇ ನನ್ನ ಬಳಿ ಬಂದು, ರಾಡ್ ಹಾಕ್ತೀವಿ, ಗೊತ್ತಲ್ವಾ ಅಂತ ಮುಂದೆ ಹೋಗುತ್ತಿದ್ದರು.

ತೊಡೆ ಮೂಳೆಯೊಳಗೆ ರಾಡ್ ಹೇಗೆ ಹೋಗುತ್ತದೆ ಅನ್ನುವುದು ನನಗೆ ಗೊತ್ತು. ಟೇಬಲ್ಲಿನ ತಲೆಯ ಕಡೆ ನಿಂತು ಬೇಕಾದಷ್ಟು ಸಲ ನೋಡಿದ್ದೇನೆ. ಆದರೆ ನನ್ನ ಕಾಲಿನ ಮೇಲೆ ಯಾವಾಗ ಭಾರ ಹಾಕಬಹುದು? ನನ್ನ ಸೊಂಟದ ಮುರಿತ ತಾನಾಗಿ ಕೂಡುತ್ತಾ, ಅದಕ್ಕೂ ಪ್ಲೇಟ್ ಬೇಕಾ? ಗಂಟೆಗಟ್ಟಲೆ ನಿಂತು ಮಾಡುವ ಕೆಲಸ ಇನ್ನು ನನ್ನ ಕೈಲಾಗುತ್ತಾ? ಇದ್ಯಾವುದೂ ಪುಸ್ತಕದಲ್ಲಿ ಇರುವುದಿಲ್ಲ. ನನ್ನ ಎಕ್ಸ್‌ರೇ ನೋಡಿದವರೇ ಹೇಳಬೇಕು. ಜೊತೆಗೆ, ನೋವು, ನೋವಿಗೆ ಕೊಡುವ ಮಾರ್ಫಿನ್, ನಿದ್ದೆಗೇಡು ಮೂರೂ ಸೇರಿದರೆ ಗೊತ್ತಿರುವುದೂ ನೆನಪಿಗೆ ಬರುವುದಿಲ್ಲ.

ಒಂದು ರಾತ್ರಿ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬರು ಕುರ್ಚಿ ಎಳೆದುಕೊಂಡು ಕೂತರು. "ನೀವು ಡಾಕ್ಟರ್ ಅನ್ನೋದನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಡ್ತೀನಿ, ಬೇಜಾರಿಲ್ಲ ತಾನೇ?" ಅಂತ ಕೇಳಿದರು. ಖಾಲಿ ಗ್ಲೌಸ್ ಡಬ್ಬಿಯ ರಟ್ಟು ಹರಿದು, ಅದರ ಬಿಳಿ ಬದಿಯ ಮೇಲೆ ಸೊಂಟದ ಮೂಳೆಯ ಬಳೆಯನ್ನು ಬರೆದರು. ಎಲ್ಲಿ ಎರಡು ಕಡೆ ಮುರಿದಿದೆ, ಯಾವುದು ಅಲುಗಾಡುತ್ತಿದೆ, ಯಾವುದು ಗಟ್ಟಿಯಾಗಿ ಕೂತಿದೆ ಅಂತ ಪೆನ್ನಿನ ತುದಿಯಲ್ಲಿ ತೋರಿಸಿದರು. ಹೊಸ ವಿಷಯ ಒಂದೂ ಇರಲಿಲ್ಲ. ಆದರೂ ಅವತ್ತೇ ಮೊದಲ ಸಲ ನನಗೆ ಏನಾಗಿದೆ ಅಂತ ನನಗೆ ಅರ್ಥವಾಯಿತು. ಆ ರಟ್ಟಿನ ಚೂರನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಮನೆಯವರು ಬಂದಾಗ ಅದನ್ನೇ ಹಿಡಿದು ಅವರಿಗೂ ವಿವರಿಸಿದೆ.

ಡಾಕ್ಟರ್ ಅಂತ ಹೆಚ್ಚು ಚೆನ್ನಾಗಿ ನೋಡಿಕೊಂಡಿರಬೇಕು ಅಲ್ವಾ?

ಪ್ರೀತಿ ಜಾಸ್ತಿ ಸಿಕ್ಕಿತು, ನಿಜ. ಆದರೆ ಬೇಕಾದವರಿಗೆ ಅಂತ ಎಲ್ಲವನ್ನೂ ಬೇರೆ ಥರ ಮಾಡಲು ಹೋದರೆ ಎಡವಟ್ಟಾಗುತ್ತದೆ. ಇದಕ್ಕೆ ವೈದ್ಯರ ನಡುವೆ ವಿಐಪಿ ಸಿಂಡ್ರೋಮ್ ಅನ್ನುವ ಹೆಸರೇ ಇದೆ. 1960ರ ದಶಕದಿಂದ ಇದರ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ಮುಜುಗರ ಆದೀತು ಅಂತ ಮೈಪೂರ್ತಿ ಪರೀಕ್ಷೆ ಮಾಡದೆ ಬಿಡುತ್ತಾರೆ. ದಿನವೂ ಡ್ರಿಪ್ ಹಾಕುವ ಸಿಸ್ಟರನ್ನು ಬಿಟ್ಟು, ಎಷ್ಟೋ ವರ್ಷದಿಂದ ಸೂಜಿ ಹಿಡಿಯದ ಹಿರಿಯರು ತಾವೇ ಹಾಕುತ್ತೇನೆ ಅನ್ನುತ್ತಾರೆ. ಇಬ್ಬರು ಮೂವರು ತಜ್ಞರು ಬಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ತೀರ್ಮಾನ ಯಾರದ್ದು ಅಂತ ಯಾರಿಗೂ ಗೊತ್ತಿರುವುದಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ. ಡಾಕ್ಟರ್ ಪೇಷೆಂಟ್ ಆದರೆ ಎಲ್ಲರಿಗೂ ಮಾಡುವುದನ್ನೇ, ಅದೇ ಕ್ರಮದಲ್ಲಿ ಮಾಡಿ. ಆ ಕ್ರಮ ಇರುವುದೇ ಏನೂ ತಪ್ಪಿಹೋಗದಿರಲಿ ಅಂತ.

ನೋವು ಎಷ್ಟಿತ್ತು?

0ಯಿಂದ 10ರಲ್ಲಿ ಎಷ್ಟು ಅಂತ ದಿನಕ್ಕೆ ಹಲವು ಸಲ ಕೇಳುತ್ತಿದ್ದರು. ಅಲುಗಾಡದೆ ಮಲಗಿದ್ದಾಗ ಕೇಳಿದರೆ 3. ಅದೇ ಪಕ್ಕಕ್ಕೆ ಹೊರಳಿಸುವಾಗ ಕೇಳಿದರೆ 9. ಪಟ್ಟಿಯಲ್ಲಿ ಮೂರು ಅಂತಲೇ ಬರೆದಿರುತ್ತಿತ್ತು. ಹಾಗಾಗಿ ಅಲುಗಾಡಿದಾಗ ನೋವು ಎಷ್ಟು, ಕೆಮ್ಮಿದಾಗ ಎಷ್ಟು ಅಂತ ಬೇರೆಯಾಗಿ ಕೇಳಲೇಬೇಕು.

ಪಕ್ಕೆಲುಬು ಮುರಿದವರಿಗೆ ಇದು ಬರೀ ಆರಾಮದ ವಿಷಯವಲ್ಲ. ನೋವಿಗೆ ಹೆದರಿ ಮೇಲೆಮೇಲೆ ಉಸಿರಾಡುತ್ತಾರೆ, ಕೆಮ್ಮುವುದೇ ಇಲ್ಲ. ಕಫ ಒಳಗೇ ಕೂತು ನ್ಯುಮೋನಿಯಾ ಆಗುತ್ತದೆ. ಮೂರು ಚೆಂಡಿನ ಉಸಿರಾಟದ ಸಾಧನ ಕೊಡುತ್ತಾರಲ್ಲ, ಅದನ್ನು ನೋವಿನ ಔಷಧಿ ಹಿಡಿದ ಹೊತ್ತಿನಲ್ಲಿ ಎಳೆಯಬೇಕು. ಆಗ ಚೆಂಡು ಏಳುತ್ತದೆ. ನೋವಿನ ಔಷಧಿ ಕೇಳುವುದಕ್ಕೆ ದಯವಿಟ್ಟು ಸಂಕೋಚ ಬೇಡ. ತಡೆದುಕೊಂಡರೆ ಯಾರೂ ಬಹುಮಾನ ಕೊಡುವುದಿಲ್ಲ, ಶ್ವಾಸಕೋಶ ಮಾತ್ರ ಕೆಡುತ್ತದೆ.

ಮಾರ್ಫಿನ್ ಜಾತಿಯ ಔಷಧಿಗಳಿಂದ ಮಲಬದ್ಧತೆ ಖಂಡಿತ ಬರುತ್ತದೆ. ಮೊದಲ ದಿನವೇ ಅದಕ್ಕೂ ಔಷಧಿ ಕೇಳಿ. ಇದನ್ನು ಯಾರೂ ಮುಖ್ಯ ಅಂತ ಹೇಳುವುದಿಲ್ಲ, ಅನುಭವಿಸಿದವರಿಗೆ ಮಾತ್ರ ಗೊತ್ತು.

ಐಸಿಯುನಲ್ಲಿ ಇಲ್ಲದ್ದೆಲ್ಲ ಕಾಣಿಸುತ್ತೆ ಅಂತಾರೆ. ನಿಜವಾ?

ನಿಜ. ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ಬಹಳ ಸಾಮಾನ್ಯ, ಅದರಲ್ಲೂ ವೆಂಟಿಲೇಟರ್ ಮೇಲೆ ಇದ್ದವರಲ್ಲಿ. ಹುಚ್ಚಲ್ಲ. ಪೆಟ್ಟು, ಸೋಂಕು, ಔಷಧಿ, ನಿದ್ದೆ ಇಲ್ಲದಿರುವುದು ಎಲ್ಲ ಸೇರಿ ಮೆದುಳು ಸ್ವಲ್ಪ ಕಾಲ ದಿಕ್ಕು ತಪ್ಪುತ್ತದೆ.

ನನಗೆ ಐಸಿಯು ಒಂದು ಹಡಗಿನ ಹಾಗೆ ಕಂಡಿತು. ನೆಲ ಓಲಾಡುತ್ತಿತ್ತು. ಡ್ರಿಪ್ ಬಾಟಲಿಗೆ ಯಾರೋ ವಿಷ ಬೆರೆಸುತ್ತಿದ್ದಾರೆ ಅಂತ ಗಟ್ಟಿಯಾಗಿ ನಂಬಿದ್ದೆ. ಆ ಬಾಟಲಿ ಯಾವುದು, ಅದರಲ್ಲಿ ಏನಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೂ ನಂಬಿದ್ದೆ. ಮುಖ್ಯವಾದ ಮಾತು ಅಂದರೆ, ಕೆಲವರು ಕೂಗಾಡುತ್ತಾರೆ, ಕೆಲವರು ಸುಮ್ಮನೆ ಗೋಡೆ ನೋಡುತ್ತಾ ಮಲಗಿರುತ್ತಾರೆ. ನಾನು ಎರಡನೇ ಥರದವರಲ್ಲಿ ಒಬ್ಬ ರೋಗಿ. ಹೊರಗಿನಿಂದ ನೋಡಿದವರು, ಪಾಪ, ಶಾಂತವಾಗಿ ಮಲಗಿದ್ದಾರೆ ಅಂದುಕೊಂಡರಂತೆ.

ಮನೆಯವರು ಮಾಡಬಹುದಾದ ಕೆಲಸ ಬಹಳ ಇದೆ. ರೋಗಿಯ ಕನ್ನಡಕ, ಕಿವಿಯ ಯಂತ್ರ ಇದ್ದರೆ ತಂದುಕೊಡಿ. ಇವತ್ತು ಯಾವ ವಾರ, ಈಗ ಬೆಳಿಗ್ಗೆಯೋ ಸಂಜೆಯೋ, ನೀವು ಎಲ್ಲಿದ್ದೀರಿ ಅಂತ ಮತ್ತೆ ಮತ್ತೆ ಹೇಳಿ. ಹಾಗೆಲ್ಲ ಏನೂ ಇಲ್ಲ ಅಂತ ವಾದಕ್ಕೆ ನಿಲ್ಲಬೇಡಿ. ನಾನಿದ್ದೀನಿ, ನಿಮಗೆ ಏನೂ ಆಗಲ್ಲ ಅಂದರೆ ಸಾಕು. ಕೆಲವು ದೇಶಗಳ ಐಸಿಯುಗಳಲ್ಲಿ ರೋಗಿಯ ಹೆಸರಲ್ಲಿ ಡೈರಿ ಬರೆದಿಡುತ್ತಾರೆ. ಇವತ್ತು ಏನಾಯಿತು, ಯಾರು ಬಂದಿದ್ದರು ಅಂತ ಸಿಸ್ಟರುಗಳೂ ಮನೆಯವರೂ ಎರಡು ಸಾಲು ಬರೆಯುತ್ತಾರೆ. ಹುಷಾರಾದ ಮೇಲೆ ಓದಿದರೆ ಕಳೆದುಹೋದ ದಿನಗಳು ಸ್ವಲ್ಪ ಸ್ವಲ್ಪ ಜೋಡಣೆಯಾಗುತ್ತವೆ. ನನ್ನ ಮನೆಯವರು ಒಂದು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದರು. ಹಡಗು ಓಲಾಡಿದ ಹೊತ್ತು ನನ್ನನ್ನು ಟ್ರಾಲಿಯಲ್ಲಿ ಸ್ಕ್ಯಾನ್‌ಗೆ ಕರೆದೊಯ್ದ ಹೊತ್ತು ಅಂತ ಅದನ್ನು ಓದಿದಾಗಲೇ ತಿಳಿದದ್ದು.

ಬೆಡ್ ಪ್ಯಾನ್, ಮೈ ಒರೆಸುವುದು, ಇವೆಲ್ಲ ಮುಜುಗರ ಆಗಲಿಲ್ವಾ?

ಆಯಿತು. ಆದರೆ ಮುಜುಗರಕ್ಕಿಂತ ಜಾಸ್ತಿ ತೊಂದರೆ ಕೊಟ್ಟಿದ್ದು, ಹೇಳದೆ ಮುಟ್ಟುವುದು.

ಬೆನ್ನು ಪರೀಕ್ಷಿಸಲು ರೋಗಿಯನ್ನು ಮರದ ದಿಮ್ಮಿಯಂತೆ ಒಂದೇ ತುಂಡಾಗಿ ಹೊರಳಿಸಬೇಕು. ಒಬ್ಬರು ತಲೆ ಹಿಡಿಯುತ್ತಾರೆ, ಮೂವರು ಮೈ ಹಿಡಿಯುತ್ತಾರೆ, ತಲೆ ಹಿಡಿದವರು ಎಣಿಸುತ್ತಾರೆ. ಆ ಎಣಿಕೆ ಹೊರಳಿಸುವವರಿಗೆ ಮಾತ್ರ ಅಂತ ಅನ್ನಿಸಬಹುದು. ಆದರೆ ಮಲಗಿದವರಿಗೂ ಅದು ಬೇಕು. "ಮೂರು ಅಂದಾಗ ಎಡಕ್ಕೆ ತಿರುಗಿಸ್ತೀವಿ, ನೋವಾಗುತ್ತೆ, ಸ್ವಲ್ಪ ಹೊತ್ತಷ್ಟೇ" ಅಂತ ಹೇಳಿ ಮಾಡಿದವರ ಕೈಯಲ್ಲಿ ಅದೇ ನೋವು ತಡೆಯುವ ಹಾಗಿತ್ತು. ಹೇಳದೆ ಹೊರಳಿಸಿದವರ ಕೈಯಲ್ಲಿ ಕೂಗಿಬಿಟ್ಟೆ.

ಮಲಗಿದವರಿಗೆ ಕಾಣುವುದು ಛಾವಣಿ ಒಂದೇ. ಕತ್ತರಿ ಯಾವ ಕಡೆಯಿಂದ ಬಟ್ಟೆ ಕತ್ತರಿಸುತ್ತಿದೆ, ತಣ್ಣಗೆ ತಾಗಿದ್ದು ಸ್ಪಿರಿಟ್ಟೋ ಸೂಜಿಯೋ ಒಂದೂ ಗೊತ್ತಾಗುವುದಿಲ್ಲ. ಮುಟ್ಟುವ ಮೊದಲು ಒಂದು ಮಾತು ಹೇಳಿದರೆ ಸಾಕು. ಕರೆಗಂಟೆಯೂ ಅಷ್ಟೇ. ಅದು ಕೈಗೆ ಸಿಗುವ ಕಡೆ ಇರಬೇಕು. ಲಾಕರ್ ಮೇಲೆ ಇಟ್ಟ ಕರೆಗಂಟೆ ಸೊಂಟ ಮುರಿದವರಿಗೆ ಇದ್ದೂ ಇಲ್ಲದ ಹಾಗೆ.

ನಿಮ್ಮ ಕೇಸ್ ಶೀಟ್ ನೀವೇ ಓದುತ್ತಿದ್ರಾ?

ಮೊದಲು ಓದಿದೆ. ಆಮೇಲೆ ನಾನಾಗಿಯೇ ಬಿಟ್ಟೆ. ಪ್ರತಿ ರಿಪೋರ್ಟಿನ ಸಣ್ಣ ಏರಿಳಿತಕ್ಕೂ ನಾನೇ ಅರ್ಥ ಹುಡುಕುತ್ತಿದ್ದೆ, ಅದರಿಂದ ಏನೂ ಉಪಯೋಗವಾಗಲಿಲ್ಲ.

ಡಾಕ್ಟರ್ ತನಗೆ ತಾನೇ ಔಷಧಿ ಬರೆದುಕೊಳ್ಳಬಹುದಾ?

ಬೇಡ. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್‌ನಂಥ ಸಂಸ್ಥೆಗಳೂ, ಸಾಧ್ಯವಾದಷ್ಟು ಮಟ್ಟಿಗೆ ತನಗೂ ತನ್ನ ಹತ್ತಿರದವರಿಗೂ ತಾನೇ ಔಷಧಿ ಬರೆಯಬಾರದು ಅನ್ನುತ್ತವೆ. ನೋವಿನ ಔಷಧಿ, ನಿದ್ದೆ ಮಾತ್ರೆ ವಿಷಯದಲ್ಲಂತೂ ಇದನ್ನು ಗಟ್ಟಿಯಾಗಿ ಪಾಲಿಸಬೇಕು.

ಹೀಗೆ ಪೆಟ್ಟು ತಿಂದ ಬೇರೆ ಡಾಕ್ಟರುಗಳು ಯಾರಾದರೂ ಇದ್ದಾರಾ?

ಇದ್ದಾರೆ. ಹಾಸಿಗೆಯಲ್ಲಿದ್ದಾಗ ಅವರ ಕಥೆಗಳೇ ನನಗೆ ಜೊತೆ.

ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ 1756ರಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡರು. ಮೂಳೆ ಚರ್ಮ ಹರಿದು ಹೊರಬಂದಿತ್ತು. ಆ ಕಾಲದಲ್ಲಿ ಅಂಥ ಕಾಲನ್ನು ಕತ್ತರಿಸುವುದೇ ರೂಢಿ. ಅವರು ಬಿದ್ದಲ್ಲಿಂದ ಯಾರೂ ತಮ್ಮನ್ನು ಕದಲಿಸದಂತೆ ತಡೆದು, ಒಂದು ಬಾಗಿಲು ಕೊಂಡು ತರಿಸಿ, ಅದಕ್ಕೆ ಗಳ ಹೊಡೆಸಿ, ಅದರ ಮೇಲೆ ಮಲಗಿ ಮನೆಗೆ ಹೋದರು ಅಂತ ಅವರ ಜೀವನ ಬರೆದವರು ಹೇಳುತ್ತಾರೆ. ಕಾಲು ಉಳಿಯಿತು. ಮುಂದೆ ಮೂಳೆ ಮುರಿತದ ಚಿಕಿತ್ಸೆಯ ಬಗ್ಗೆ ಅವರು ಬರೆದದ್ದು ಬಹಳ ಕಾಲ ಬಳಕೆಯಲ್ಲಿತ್ತು.

ಅಮೆರಿಕದ ಮೂಳೆ ತಜ್ಞ ಜೇಮ್ಸ್ ಸ್ಟೈನರ್ ಅವರದ್ದು ಕರುಳು ಹಿಂಡುವ ಕಥೆ. 1976ರ ಫೆಬ್ರವರಿಯಲ್ಲಿ ಅವರೇ ಓಡಿಸುತ್ತಿದ್ದ ಸಣ್ಣ ವಿಮಾನ ನೆಬ್ರಾಸ್ಕಾದ ಹೊಲದಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು. ನಾಲ್ವರು ಮಕ್ಕಳಲ್ಲಿ ಮೂವರಿಗೆ ತೀವ್ರ ಪೆಟ್ಟು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆ ಸಾಲದೇ ಹೋಯಿತು. ಹೊಲದಲ್ಲಿ ನಾನೊಬ್ಬನೇ ಇದಕ್ಕಿಂತ ಚೆನ್ನಾಗಿ ನೋಡಿಕೊಂಡೆ ಅಂದಮೇಲೆ ವ್ಯವಸ್ಥೆಯಲ್ಲೇ ಏನೋ ಸರಿಯಿಲ್ಲ ಅನ್ನುವ ಅರ್ಥದ ಮಾತನ್ನು ಅವರು ಆಡಿದ್ದಾರೆ. ದೊಡ್ಡ ಪೆಟ್ಟಾದವರನ್ನು ಮೊದಲು ಹೇಗೆ ನೋಡಿಕೊಳ್ಳಬೇಕು ಅಂತ ವೈದ್ಯರಿಗೆ ಕಲಿಸುವ ತರಬೇತಿಯನ್ನು ಜೊತೆಗಾರರೊಡನೆ ಸೇರಿ ರೂಪಿಸಿದರು. 1978ರಲ್ಲಿ ಅದು ಮೊದಲು ನಡೆಯಿತು, 1980ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನು ಒಪ್ಪಿಕೊಂಡಿತು. ಅದೇ ಎಟಿಎಲ್‌ಎಸ್. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ ಸಂಚಾರ ಅನ್ನುವ ಅದರ ಕ್ರಮ 80ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ನನ್ನನ್ನು ಉಳಿಸಿದ ಕ್ರಮವೂ ಅದೇ.

ಡಾ. ಮೇರಿ ವರ್ಗೀಸ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯೆ. 1954ರ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲಿನ ಶಕ್ತಿ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯಕೀಯ ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ನಡೆಸಿದರು. 1972ರಲ್ಲಿ ಪದ್ಮಶ್ರೀ ಬಂತು. ಕೆಲಸಕ್ಕೆ ಮರಳುವುದು ನನ್ನಿಂದ ಆಗುವುದಿಲ್ಲ ಅನ್ನಿಸಿದಾಗಲೆಲ್ಲ ಇವರನ್ನು ನೆನೆಯುತ್ತಿದ್ದೆ.

ಪೆಟ್ಟಿನ ವಿಷಯವಲ್ಲದಿದ್ದರೂ ಕೇಟ್ ಗ್ರ್ಯಾಂಜರ್ ಹೆಸರು ಹೇಳಲೇಬೇಕು. ಬ್ರಿಟನ್ನಿನ ವೈದ್ಯೆ, ಕ್ಯಾನ್ಸರ್ ರೋಗಿ. 2013ರಲ್ಲಿ ಆಸ್ಪತ್ರೆಯಲ್ಲಿದ್ದಾಗ, ನೋಡಲು ಬಂದವರಲ್ಲಿ ಬಹಳ ಜನ ತಮ್ಮ ಹೆಸರೇ ಹೇಳುವುದಿಲ್ಲ ಅನ್ನುವುದನ್ನು ಗಮನಿಸಿದರು. ನಮಸ್ಕಾರ, ನನ್ನ ಹೆಸರು ಇಂಥದ್ದು ಅಂತ ಮಾತು ಶುರು ಮಾಡಿ ಅನ್ನುವ ಅಭಿಯಾನ ಹೊರಡಿಸಿದರು. 2016ರಲ್ಲಿ ತೀರಿಕೊಂಡರು.

ಮತ್ತೆ ಎದ್ದು ನಡೆಯಲು ಎಷ್ಟು ಕಾಲ ಬೇಕು?

ತೊಡೆ ಮೂಳೆ ಕೂಡಲು ಸಾಮಾನ್ಯವಾಗಿ 3ರಿಂದ 6 ತಿಂಗಳು. ಸೊಂಟದ್ದು ಮುರಿತದ ಬಗೆಯ ಮೇಲೆ ಹೋಗುತ್ತದೆ. ಆದರೆ ಮೂಳೆ ಕೂಡಿದ ದಿನವೇ ನಡೆದುಬಿಡುತ್ತೇವೆ ಅಂದುಕೊಳ್ಳಬೇಡಿ. ಮಲಗಿದ ಮೈಯಲ್ಲಿ ಸ್ನಾಯು ಬೇಗ ಕರಗುತ್ತದೆ. ಐಸಿಯು ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೊಡೆಯ ಮುಂಭಾಗದ ಸ್ನಾಯು ಹತ್ತೇ ದಿನದಲ್ಲಿ ಸುಮಾರು 18% ಕುಗ್ಗಿತ್ತು.

ಮೊದಲ ಸಲ ಹಾಸಿಗೆಯ ಅಂಚಿಗೆ ಕೂರಿಸಿದಾಗ ಕಣ್ಣು ಕತ್ತಲೆ ಬಂತು, ಬೆವರು ಕಿತ್ತುಕೊಂಡಿತು. ಫಿಸಿಯೋ ಎದುರಿಗೆ ಮಂಡಿಯೂರಿ ಕೂತು, ನೆಲ ನೋಡಬೇಡಿ, ನನ್ನ ಮುಖ ನೋಡಿ ಅಂದರು. ಅವತ್ತಿಗೆ ಅಷ್ಟೇ ಸಾಕು ಅಂದರು. ಫಿಸಿಯೋ ಹೇಳಿದ್ದನ್ನು ಬೇಸರವಾದರೂ ದಿನವೂ ಮಾಡಿ. ಆಪರೇಷನ್ ಅರ್ಧ ಕೆಲಸ, ಉಳಿದ ಅರ್ಧ ಇವರದ್ದು ಮತ್ತು ನಿಮ್ಮದು.

ಮನಸ್ಸು?

ಮೂಳೆಗಿಂತ ನಿಧಾನ. ಬ್ರೇಕಿನ ಸದ್ದು ಕೇಳಿದರೆ ಮೈ ನಡುಗುತ್ತಿತ್ತು. ಅದೇ ಕನಸು ಮತ್ತೆ ಮತ್ತೆ ಬರುತ್ತಿತ್ತು. ಮೊದಲ ಕೆಲವು ವಾರ ಹೀಗಾಗುವುದು ಸಹಜ. ಒಂದು ತಿಂಗಳು ದಾಟಿದರೂ ಕಡಿಮೆಯಾಗದಿದ್ದರೆ, ರಸ್ತೆಗೆ ಇಳಿಯುವುದನ್ನೇ ತಪ್ಪಿಸುತ್ತಿದ್ದರೆ, ಮನೋವೈದ್ಯರನ್ನು ನೋಡಿ. ನಾನೂ ನೋಡಿದೆ, ಉಪಯೋಗವಾಯಿತು. ಐಸಿಯುನಿಂದ ಬಂದವರಲ್ಲಿ ಮರೆವು, ಗಮನ ನಿಲ್ಲದಿರುವುದು, ಸುಸ್ತು, ಆತಂಕ ತಿಂಗಳುಗಟ್ಟಲೆ ಉಳಿಯಬಹುದು. ಮನೆಯವರಿಗೂ ಇದು ಗೊತ್ತಿರಲಿ, ಸೋಮಾರಿತನ ಅಂದುಕೊಳ್ಳಬೇಡಿ.

ಕೆಲಸಕ್ಕೆ ಮರಳಿದ ಮೇಲೆ ಏನು ಬದಲಾಗಿದೆ?

ಮೊದಲು ಅರ್ಧ ದಿನ, ರಾತ್ರಿ ಡ್ಯೂಟಿ ಇಲ್ಲದೆ ಶುರು ಮಾಡಿದೆ. ನಿದ್ದೆ ಬರಿಸುವ ನೋವಿನ ಮಾತ್ರೆ ಪೂರ್ತಿ ನಿಲ್ಲುವವರೆಗೂ ಥಿಯೇಟರಿಗೆ ಕಾಲಿಡಲಿಲ್ಲ.

ಈಗ ಟ್ರಾಲಿ ಬಂದ ಕೂಡಲೇ ಮಾಸ್ಕ್ ಇಳಿಸಿ ಮುಖ ತೋರಿಸುತ್ತೇನೆ, ಹೆಸರು ಹೇಳುತ್ತೇನೆ. ತಲೆಯ ಹಿಂದೆ ನಿಂತು ಮಾತಾಡುವುದಿಲ್ಲ, ಪಕ್ಕಕ್ಕೆ ಬರುತ್ತೇನೆ. ಸೂಜಿ, ತಣ್ಣನೆಯ ಸ್ಪಿರಿಟ್, ಮುಖದ ಮೇಲೆ ಮಾಸ್ಕ್, ಪ್ರತಿಯೊಂದಕ್ಕೂ ಮೊದಲೇ ಒಂದು ಮಾತು. ಸಮಯ ಹಾಳಾಗಲ್ವಾ ಅಂತ ಜೊತೆಯವರು ಕೇಳುತ್ತಾರೆ. ಕೈ ಕೆಲಸ ಮಾಡುವಾಗಲೇ ಬಾಯಿ ಮಾತಾಡಬಹುದು.

ನಮ್ಮ ಜೊತೆಯ ಡಾಕ್ಟರ್ ಒಬ್ಬರು ಆಸ್ಪತ್ರೆ ಸೇರಿದ್ದಾರೆ. ಹೇಗೆ ನಡೆದುಕೊಳ್ಳಬೇಕು?

ಚಿಕಿತ್ಸೆ ಕೊಡುವವರು ನೀವಾದರೆ, ಶುರುವಿನಲ್ಲೇ ಕೇಳಿಬಿಡಿ: ಎಲ್ಲರಿಗೂ ಹೇಳುವ ಹಾಗೆ ಹೇಳಲಾ? ಬಹುಪಾಲು ಜನ ಹೂಂ ಅನ್ನುತ್ತಾರೆ. ಮನೆಯವರಿಗೂ ಬೇರೆಯಾಗಿ ವಿವರಿಸಿ. ಅವರು ಡಾಕ್ಟರ್ ಅಲ್ಲ.

ನೋಡಲು ಹೋಗುವವರಾದರೆ, ಚಿಕಿತ್ಸೆಯ ಬಗ್ಗೆ ಅಭಿಪ್ರಾಯ ಹೇಳಬೇಡಿ. ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿಯಬೇಡಿ. ಬೇಗ ಕೆಲಸಕ್ಕೆ ಬನ್ನಿ, ನೀವಿಲ್ಲದೆ ಕಷ್ಟ ಆಗ್ತಿದೆ ಅನ್ನುವುದು ಪ್ರೀತಿಯ ಮಾತೇ, ಆದರೆ ಮಲಗಿದವರಿಗೆ ಅದು ಹೊರೆ. ಅವರ ಡ್ಯೂಟಿಗಳನ್ನು ಹಂಚಿಕೊಂಡಿದ್ದೀವಿ ಅಂತ ಹೇಳಿ.

ನಾವು ಡಾಕ್ಟರ್ ಅಲ್ಲ. ದೊಡ್ಡ ಪೆಟ್ಟಾದವರನ್ನು ಡಿಸ್ಚಾರ್ಜ್ ಮಾಡುವ ದಿನ ಏನೇನು ಕೇಳಬೇಕು?

ಒಂದು ಕಾಗದ ಪೆನ್ನು ಹಿಡಿದು ಕೂತು ಕೇಳಿ, ಯಾರ ಅವಸರಕ್ಕೂ ಮಣಿಯಬೇಡಿ. ಯಾವ ಕಾಲಿಗೆ ಎಷ್ಟು ಭಾರ ಹಾಕಬಹುದು, ಯಾವಾಗಿನಿಂದ ಅನ್ನುವುದು ಮೊದಲ ಪ್ರಶ್ನೆ. ಯಾವ ಮಾತ್ರೆ ಎಷ್ಟು ದಿನ, ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಮನೆಯಲ್ಲೂ ಮುಂದುವರಿಸಬೇಕಾ, ಬೇಕಾದರೆ ಚುಚ್ಚುವುದು ಯಾರು ಅಂತ ಕೇಳಿ. ಚುಚ್ಚುವುದನ್ನು ಇಲ್ಲೇ ಒಮ್ಮೆ ನಮ್ಮ ಕೈಯಿಂದಲೇ ಮಾಡಿಸಿ ಅನ್ನಿ. ಹಾಸಿಗೆ ಹಿಡಿದವರನ್ನು ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕು, ಬೆನ್ನಿನ ಕೆಳಭಾಗ ಮತ್ತು ಹಿಮ್ಮಡಿ ಕೆಂಪಗಾದರೆ ಏನು ಮಾಡಬೇಕು ಅಂತಲೂ ತಿಳಿದುಕೊಳ್ಳಿ. ಒಂದೇ ಕಾಲು ಊದಿ ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಅಥವಾ ಎದೆ ನೋವು, ಗಾಯದಿಂದ ಕೀವು, ಜ್ವರ, ಇವುಗಳಲ್ಲಿ ಯಾವುದು ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ರಾತ್ರಿ ಹೊತ್ತು ಅನುಮಾನ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕೇಳಿ, ಅದನ್ನು ಅಲ್ಲೇ ಬರೆಸಿಕೊಳ್ಳಿ.